ಮೊದಲು ಪಾಲಿಸಿ, ಆಮೇಲೆ ಡಾಕ್ಟರು

ಆ ಬೀದಿಯವರಿಗೆಲ್ಲ ಅವನು ಲಿಫ್ಟಣ್ಣ. ಇಪ್ಪತ್ತು ವರ್ಷದಿಂದ ಒಂದೇ ಕಂಪನಿಯಲ್ಲಿ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದವನು. ‘ನಿಮಗೇನು ಬಿಡಿ, ದಿನವಿಡೀ ಮೇಲೆ ಕೆಳಗೆ ಸವಾರಿ’ ಅಂತ ಯಾರಾದರೂ ಛೇಡಿಸಿದರೆ, ‘ನಾನು ಹೋದ ಕಡೆಯೆಲ್ಲ ಲಿಫ್ಟ್ ಕೆಟ್ಟೇ ನಿಂತಿರುತ್ತೆ ಸ್ವಾಮಿ, ನನ್ನಷ್ಟು ಮೆಟ್ಟಿಲು ಹತ್ತಿದವನು ಈ ಊರಲ್ಲೇ ಇಲ್ಲ’ ಅನ್ನುತ್ತಿದ್ದ. ಮನೆಯ ಮುಂದಿನ ಕೋಣೆಯಲ್ಲಿ ಅವನ ಹೆಂಡತಿಯ ಹೊಲಿಗೆ ಮಷೀನು. ಹೊಸ ಬಟ್ಟೆ ಹೊಲಿಯುವ ಕೆಲಸವಲ್ಲ. ಪ್ಯಾಂಟಿನ ಉದ್ದ ಕತ್ತರಿಸುವುದು, ಜಿಪ್ ಬದಲಿಸುವುದು, ದಪ್ಪಗಾದವರಿಗೆ ಸೊಂಟ ಬಿಡಿಸುವುದು, ಸಣ್ಣಗಾದವರಿಗೆ ಹಿಡಿಸುವುದು. ಹಾಗಾಗಿ ಅವಳು ಟೈಲರಕ್ಕ. ಹದಿಮೂರು ವರ್ಷದ ಒಬ್ಬಳೇ ಮಗಳು, ಪುಟ್ಟಿ.

ಟೈಲರಕ್ಕನ ಅಕ್ಕನ ಗಂಡ ವಿಮೆ ಏಜೆಂಟು. ಗಂಡ ಹೆಂಡತಿ ಇಬ್ಬರಿಗೂ ಅವರು ಭಾವ. ಮನೆಗೆ ಬಂದರೆ ಅವರ ಚೀಲದಿಂದ ಮೊದಲು ಹೊರಬೀಳುತ್ತಿದ್ದದ್ದು ಪಾಲಿಸಿ ಕಾಗದ, ಅದರ ಹಿಂದೆ ಪುಟ್ಟಿಗೆ ಚಾಕೊಲೇಟು. ಹದಿನೈದು ವರ್ಷದಿಂದ ಲಿಫ್ಟಣ್ಣನದು ಒಂದೇ ಉತ್ತರ. ‘ಸತ್ತ ಮೇಲೆ ಸಾಹುಕಾರ ಆಗಿ ನಾನೇನು ಮಾಡಲಿ ಭಾವ? ಟೀ ಕುಡೀರಿ.’ ಭಾವ ಟೀ ಕುಡಿದು ಹೋಗುತ್ತಿದ್ದರು.

ಆ ಭಾನುವಾರವೂ ಬಂದದ್ದು ತಮ್ಮ ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು. ಲಿಫ್ಟಣ್ಣ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಪತ್ರಿಕೆ ನೋಡುತ್ತಿದ್ದವನು, ತಲೆ ಎತ್ತದೆ, ‘ಭಾವ, ಫಾರಂ ಒಂದಿದ್ರೆ ಕೊಟ್ಟು ಹೋಗಿ’ ಅಂದ.

ಮಷೀನಿನ ಮೇಲಿದ್ದ ಟೈಲರಕ್ಕನ ಕಾಲು ನಿಂತಿತು.

ಭಾವ ಹೋದ ಮೇಲೆ ಅವಳು ಕೇಳಿದಳು. ‘ಏನ್ರೀ ಇದು?’

‘ಏನಿಲ್ಲ. ವಯಸ್ಸಾಯ್ತಲ್ಲ.’

‘ನನ್ನ ಹತ್ರ ಬೇಡ. ಏನಾಗಿದೆ ಹೇಳಿ.’

ಅವನು ಪತ್ರಿಕೆ ಮಡಚಿದ, ಮತ್ತೆ ಬಿಚ್ಚಿದ. ‘ಐದನೇ ಮಹಡಿ ದಾಟಿದರೆ ಎದೆ ನಡುವೆ ಸ್ಪ್ಯಾನರ್ ಹಾಕಿ ತಿರುವಿದ ಹಾಗಾಗುತ್ತೆ. ಎಡಗೈಗೆ ಇಳಿಯುತ್ತೆ, ಒಂದೊಂದು ಸಲ ದವಡೆಗೂ ಬರುತ್ತೆ. ಎರಡು ನಿಮಿಷ ಕೂತರೆ ಸರಿಹೋಗುತ್ತೆ.’

‘ಎಷ್ಟು ದಿನದಿಂದ?’

‘ಮೂರು ತಿಂಗಳು.’

ಅವಳು ಎದ್ದಳು. ‘ನಡೀರಿ, ಈಗಲೇ ಡಾಕ್ಟರ ಹತ್ರ ಹೋಗೋಣ.’

‘ಕೂತ್ಕೋ’ ಅಂದ ಅವನು. ಅವನು ದನಿ ಏರಿಸಿದವನೇ ಅಲ್ಲ, ಆಗಲೂ ಏರಿಸಲಿಲ್ಲ. ‘ನಾನು ಯೋಚನೆ ಮಾಡಿದೀನಿ. ಮೊದಲು ಪಾಲಿಸಿ, ಆಮೇಲೆ ಡಾಕ್ಟರು. ಡಾಕ್ಟರ ಚೀಟಿ ಅಂತ ಒಂದು ಹುಟ್ಟಿದರೆ ಮುಗೀತು, ಆಮೇಲೆ ಯಾವ ಕಂಪನಿಯೂ ನನ್ನನ್ನ ಮುಟ್ಟಲ್ಲ. ನಮ್ಮ ವರ್ಕ್‌ಶಾಪಿನ ವೆಲ್ಡರ್‌ಗೆ ಹಂಗೇ ಆಯ್ತು. ಎದೆಯಲ್ಲಿ ಸ್ಟೆಂಟ್ ಅಂದ ತಕ್ಷಣ ಆಗಲ್ಲ ಅಂದುಬಿಟ್ರು. ನನಗೇನಾದ್ರೂ ಆದ್ರೆ ಬಾಡಿಗೆ ಯಾರು ಕಟ್ತಾರೆ? ಪುಟ್ಟಿ ಓದು? ನಿನ್ನ ಜಿಪ್ಪಿನ ದುಡ್ಡಲ್ಲಿ ಆಗುತ್ತಾ?’

ಅವಳಿಗೆ ಸಿಟ್ಟು ಬಂತು. ಅವನು ಹೇಳಿದ್ದರಲ್ಲಿ ತಪ್ಪು ಯಾವುದು ಅಂತ ಹುಡುಕಿದಳು. ಎಲ್ಲವೂ ತಪ್ಪು ಅನ್ನಿಸುತ್ತಿತ್ತು, ಬಿಡಿಸಿ ನೋಡಿದರೆ ಒಂದೂ ತಪ್ಪಲ್ಲ. ಊರ ತುಂಬ ಜನ ಓಡಾಡುವ ಯಂತ್ರಗಳ ಹಗ್ಗ, ಬ್ರೇಕು ನೋಡಿಕೊಂಡವನು. ಹಗ್ಗ ಹರಿದರೆ ಏನು ಹಿಡಿಯಬೇಕು ಅನ್ನುವುದನ್ನೇ ಅವನು ಯೋಚಿಸಿದ್ದ.

ಮಾರನೇ ಸಂಜೆ ಭಾವ ಫಾರಂ ತುಂಬಿಸಲು ಬಂದರು. ಟೈಲರಕ್ಕನ ಅಕ್ಷರ ಚೆನ್ನಾಗಿತ್ತು, ಬರೆಯುವುದು ಅವಳೇ. ಬರೆಯುವ ಮೊದಲು ಓದಿದಳು. ಇಪ್ಪತ್ತು ವರ್ಷ ಕಂತು ಕಟ್ಟಬೇಕು, ಕೊನೆಗೆ ಬೋನಸ್ ಸೇರಿಸಿ ವಾಪಸ್ ಕೊಡುತ್ತಾರೆ. ನಡುವೆ ಅವನು ಸತ್ತರೆ ಸಿಗುವುದು ಎಷ್ಟು ಅಂತ ಹುಡುಕಿದಳು. ಹೆಚ್ಚೆಂದರೆ ಎರಡು ವರ್ಷ ಮನೆ ನಡೆಯುವಷ್ಟು.

‘ಭಾವ, ಇದು ಉಳಿತಾಯದ ಪಾಲಿಸಿ ಅಲ್ವಾ? ಬರೀ ಸಾವಿಗೆ ಅಂತಲೇ ಇರುತ್ತಲ್ಲ, ಕಂತು ಕಡಿಮೆ, ಮೊತ್ತ ಜಾಸ್ತಿ, ಅದು ಬೇಕು ನಮಗೆ.’

‘ಅಯ್ಯೋ, ಅದರಲ್ಲಿ ಏನಿದೆಯಮ್ಮ? ಮನುಷ್ಯ ಬದುಕಿ ಉಳಿದರೆ ಬಿಡಿಕಾಸೂ ವಾಪಸ್ ಬರಲ್ಲ.’

‘ಇವರು ಬದುಕಿದ್ರೆ ಇವರೇ ವಾಪಸ್ ಬಂದ್ರಲ್ಲ ಭಾವ. ನನಗೆ ಅಷ್ಟು ಸಾಕು.’

ಭಾವ ಮೂಗು ಉಜ್ಜಿಕೊಂಡು, ಚೀಲದ ತಳದಿಂದ ಇನ್ನೊಂದು ಫಾರಂ ತೆಗೆದರು. ಅದರಲ್ಲಿ ಅವರಿಗೆ ಕಮಿಷನ್ ಕಡಿಮೆ ಅನ್ನುವುದು ಮುಖದಲ್ಲೇ ಬರೆದಿತ್ತು. ಮಗಳು ಓದು ಮುಗಿಸಿ ತನ್ನ ಕಾಲ ಮೇಲೆ ನಿಲ್ಲಲು ಎಷ್ಟು ವರ್ಷ ಬೇಕು, ಅಲ್ಲಿಯವರೆಗೆ ಬಾಡಿಗೆ, ಶಾಲೆ, ಊಟ. ಗಂಡ ಹೆಂಡತಿ ಕೂತು ಲೆಕ್ಕ ಹಾಕಿ ಒಂದು ಮೊತ್ತ ಆರಿಸಿದರು. ತನ್ನ ಸಾವಿನ ನಂತರದ ಮನೆಯನ್ನು ಅವನು ಎಷ್ಟು ಅಚ್ಚುಕಟ್ಟಾಗಿ ವಿವರಿಸುತ್ತಿದ್ದನೆಂದರೆ, ಆ ಮನೆಯಲ್ಲಿ ಅವನಿಲ್ಲ ಅನ್ನುವುದೇ ಅವಳಿಗೆ ಒಂದೊಂದು ಸಲ ಮರೆತು ಹೋಗುತ್ತಿತ್ತು.

ಆರೋಗ್ಯದ ಪುಟ ಬಂತು. ಒಂಬತ್ತನೇ ಪ್ರಶ್ನೆ: ನಿಮಗೆ ಎಂದಾದರೂ ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತು ಕಾಣಿಸಿಕೊಂಡಿದೆಯೆ?

ಪೆನ್ನು ನಿಂತಿತು. ಭಾವ ಇಬ್ಬರ ಮುಖವನ್ನೂ ನೋಡಿದರು. ಅವರು ದಡ್ಡರಲ್ಲ. ‘ಇಲ್ಲ ಅಂತ ಬರಿಯಮ್ಮ’ ಅಂದರು. ‘ಎಲ್ಲರೂ ಹಂಗೇ ಬರೆಯೋದು. ಸುಮ್ಮನೆ ಕೂತಾಗ ತೆಗೆಯೋ ಇಸಿಜಿಯಲ್ಲಿ ಎಷ್ಟೋ ಸಲ ಏನೂ ಕಾಣಲ್ಲ.’

ಲಿಫ್ಟಣ್ಣ ಗೋಡೆ ನೋಡುತ್ತಾ ಕೂತಿದ್ದ. ಅವಳು ‘ಇಲ್ಲ’ ಎಂದು ಬರೆದಳು. ಎರಡೇ ಅಕ್ಷರ, ಅದನ್ನೂ ತಿದ್ದಿ ಬರೆಯಬೇಕಾಯಿತು.

ವಿಮೆ ಕಂಪನಿಯವರು ರಕ್ತ, ಇಸಿಜಿ ನೋಡಲು ಇಪ್ಪತ್ತೊಂದು ದಿನ ಬಿಟ್ಟು ತಾರೀಖು ಕೊಟ್ಟರು. ಅಲ್ಲಿಯವರೆಗೆ ಮಾಮೂಲಿನಂತೆ ಇರಬೇಕು, ಯಾವ ಡಾಕ್ಟರ ಬಾಗಿಲನ್ನೂ ತುಳಿಯಬಾರದು ಅಂತ ಲಿಫ್ಟಣ್ಣ ತೀರ್ಮಾನಿಸಿದ.

ಆ ದಿನಗಳು ಅವಳಿಗೆ ಹೇಗೆ ಕಳೆದವು ಅಂತ ಕೇಳಬಾರದು. ಬೆಳಗ್ಗೆ ಅವನು ಟೂಲ್ ಬ್ಯಾಗ್ ಹೆಗಲಿಗೆ ಏರಿಸುವಾಗ ‘ಇವತ್ತು ಎಷ್ಟು ಮಹಡಿ?’ ಅಂತ ಕೇಳುವಳು. ನಾಲ್ಕು ಅಂದರೆ ಉಸಿರು ಬಿಡುವಳು, ಒಂಬತ್ತು ಅಂದರೆ ಮಧ್ಯಾಹ್ನದವರೆಗೆ ಸೂಜಿಗೆ ದಾರ ಪೋಣಿಸಲಿಕ್ಕೂ ಆಗುತ್ತಿರಲಿಲ್ಲ. ಫೋನು ಬಡಿದರೆ ಹೊಲಿಗೆ ಅರ್ಧಕ್ಕೆ ಬಿಟ್ಟು ಓಡುವಳು. ಒಬ್ಬ ಗಿರಾಕಿಯ ಪ್ಯಾಂಟಿನ ಒಂದು ಕಾಲನ್ನು ಎರಡು ಸಲ ಕತ್ತರಿಸಿ, ಬೇರೆ ಪ್ಯಾಂಟು ಕೊಡಿಸಬೇಕಾಯಿತು. ಎಲ್ಲಕ್ಕಿಂತ ಅವಳನ್ನು ಹೆದರಿಸಿದ್ದು ಅವಳ ತಲೆಯೊಳಗೇ ಹುಟ್ಟಿದ ಮಾತು. ಒಂದು ದಿನ ಅವನು ಸ್ನಾನಕ್ಕೆ ಹೋಗಿ ತುಸು ತಡ ಮಾಡಿದಾಗ, ‘ಅಯ್ಯೋ, ಪಾಲಿಸಿ ಇನ್ನೂ ಆಗಿಲ್ಲವಲ್ಲ’ ಅಂತ ಅವಳ ಮನಸ್ಸು ಅಂದುಬಿಟ್ಟಿತು. ‘ಇವರಿಗೆ ಏನಾಯಿತೋ’ ಅನ್ನುವುದಕ್ಕಿಂತ ಮೊದಲು ಬಂದ ಮಾತು ಅದು. ಅವಳು ಅಡುಗೆಮನೆಯ ಕಟ್ಟೆ ಹಿಡಿದು ನಿಂತಳು. ಆ ನಂತರ ಅವಳಿಗೆ ಗಂಡನ ಮುಖ ನೋಡುವುದೇ ಕಷ್ಟವಾಯಿತು.

ಹತ್ತನೇ ದಿನ ಅವಳು ಮನೆಗೆ ಬೀಗ ಹಾಕಿ ವಿಮೆ ಕಚೇರಿಗೆ ಹೋದಳು. ಭಾವನಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಟೋಕನ್ ತೆಗೆದುಕೊಂಡು ಒಂದು ಗಂಟೆ ಕೂತಳು. ಕೌಂಟರಿನಲ್ಲಿದ್ದದ್ದು ತಲೆ ಅರ್ಧ ನರೆತ ಒಬ್ಬರು ಮೇಡಂ, ಕನ್ನಡಕ ದಾರದಲ್ಲಿ ಕೊರಳಿಗೆ ನೇತುಬಿದ್ದಿತ್ತು.

‘ನಮ್ಮ ಪಕ್ಕದ ಮನೆಯವರು ಒಂದು ಪಾಲಿಸಿಗೆ ಅರ್ಜಿ ಹಾಕಿದಾರೆ’ ಅಂತ ಟೈಲರಕ್ಕ ಶುರುಮಾಡಿದಳು. ‘ಆರೋಗ್ಯದ ಪ್ರಶ್ನೆಗೆ ಒಂದು ಕಡೆ ಇಲ್ಲ ಅಂತ ಬರೆದಿದಾರೆ. ಆದರೆ ಸ್ವಲ್ಪ ಇದೆ. ಅದರಿಂದ ಆಮೇಲೆ ತೊಂದರೆ ಆಗುತ್ತಾ?’

ಮೇಡಂ ಕನ್ನಡಕ ಏರಿಸಿದರು. ‘ಮೊದಲ ಕೆಲವು ವರ್ಷದೊಳಗೆ ಸತ್ತರೆ ತನಿಖೆ ಆಗುತ್ತಮ್ಮ. ಆಸ್ಪತ್ರೆ ಕಾಗದ, ಔಷಧಿ ಅಂಗಡಿ ಚೀಟಿ, ಜೊತೆ ಕೆಲಸದವರ ಹೇಳಿಕೆ, ಎಲ್ಲ ನೋಡ್ತಾರೆ. ಮೊದಲೇ ಗೊತ್ತಿದ್ದೂ ಮುಚ್ಚಿಟ್ಟರು ಅಂತ ಸಾಬೀತಾದರೆ ಹೆಂಡತಿ ಮಕ್ಕಳಿಗೆ ಏನೂ ಸಿಗಲ್ಲ. ಕಂತು ಕಟ್ಟಿದ್ದಷ್ಟೇ ಬಂತು.’

‘ಜೊತೆ ಕೆಲಸದವರ ಹೇಳಿಕೆಯೂ?’

‘ಅವರನ್ನೇ ಮೊದಲು ಕೇಳೋದು.’

ಮಹಡಿ ಹತ್ತುವಾಗ ಅವನು ಮೆಟ್ಟಿಲ ಮೇಲೆ ಕೂರುವುದನ್ನು ವರ್ಕ್‌ಶಾಪಿನ ಅರ್ಧ ಜನ ನೋಡಿದ್ದರು. 

‘ಏನು ತೊಂದರೆ ಅವರಿಗೆ?’ ಮೇಡಂ ಕೇಳಿದರು.

‘ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತೆ. ಎಡಗೈಗೆ ಬರುತ್ತೆ. ದವಡೆಗೆ.’

‘ಈಗಲೂ?’

‘ಈಗ ಮೂರನೇ ಮಹಡಿಗೇ ಶುರುವಾಗುತ್ತಂತೆ.’

ಮೇಡಂ ಕನ್ನಡಕ ಕೆಳಗೆ ಬಿಟ್ಟರು. ಹಿಂದೆ ಸಾಲಿನಲ್ಲಿದ್ದವರಿಗೆ ಕೇಳದ ಹಾಗೆ ಮುಂದೆ ಬಾಗಿ, ‘ಹಾಗಿದ್ದ ಮೇಲೆ ನೀವು ಇಲ್ಲಿ ಯಾಕೆ ನಿಂತಿದೀರಿ?’ ಅಂದರು.

ಟೈಲರಕ್ಕ ಹೊರಗೆ ಬಂದಳು. ಬಸ್ಸಿಗೆ ಕಾಯಲಾಗದೆ ಆಟೋ ಹಿಡಿದಳು. ಅವತ್ತು ಅವನ ಕೆಲಸ ಎಲ್ಲಿ ಅಂತ ಬೆಳಗ್ಗೆಯೇ ಕೇಳಿಕೊಂಡಿದ್ದಳು: ಕಣ್ಣಿನ ಆಸ್ಪತ್ರೆ ಎದುರಿನ ಹನ್ನೊಂದು ಮಹಡಿ ಕಟ್ಟಡ. ಕೆಳಗೆ ಲಿಫ್ಟಿನ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಅನ್ನುವ ಹಲಗೆ ನೇತುಹಾಕಿತ್ತು. ಮಷೀನ್ ರೂಮು ಕಟ್ಟಡದ ನೆತ್ತಿಯ ಮೇಲೆ. ಅವಳು ಮೆಟ್ಟಿಲು ಹತ್ತತೊಡಗಿದಳು. ಐದನೆಯದು ದಾಟಿದಾಗ ಅವಳಿಗೇ ಬಾಯಿ ಒಣಗಿತ್ತು. ಏಳನೆಯದಕ್ಕೂ ಎಂಟನೆಯದಕ್ಕೂ ನಡುವಿನ ತಿರುವಿನಲ್ಲಿ ಅವನು ಕೂತಿದ್ದ. ಬ್ಯಾಗು ಪಕ್ಕದಲ್ಲಿ, ಬೆನ್ನು ಗೋಡೆಗೆ, ಅಂಗಿ ಬೆವರಿಗೆ ಅಂಟಿತ್ತು. ತುಟಿಗೆ ಬೂದಿ ಬಳಿದ ಹಾಗೆ ಕಾಣುತ್ತಿತ್ತು.

‘ನೀನ್ಯಾಕೆ ಬಂದೆ?’

‘ಏಳಿ.’

‘ಎರಡು ನಿಮಿಷ ಇರು, ಹೋಗುತ್ತೆ.’

‘ಎಷ್ಟು ಹೊತ್ತಾಯ್ತು ಕೂತು?’

ಅವನು ಅಂಗಿ ತೋಳಿನಿಂದ ಹಣೆ ಒರೆಸಿಕೊಂಡ. ಆಮೇಲೆ, ‘ಇನ್ನು ಹನ್ನೊಂದೇ ದಿನ ಕಣೇ’ ಅಂದ. ಕೇಳಿಕೊಳ್ಳುವ ದನಿ. ‘ಹನ್ನೊಂದು ದಿನ ತಡ್ಕೊಂಡ್ರೆ ಎಲ್ಲ ಸರಿಹೋಗುತ್ತೆ.’

‘ಆ ಪಾಲಿಸಿ ನಮಗೆ ಬರಲ್ಲ. ಕೇಳ್ಕೊಂಡೇ ಬಂದೆ. ನೀವು ಸತ್ತರೆ ಇಲ್ಲಿ ನೀವು ಕೂತಿದ್ದನ್ನ ನೋಡಿದವರನ್ನೆಲ್ಲ ಕರೆದು ಕೇಳ್ತಾರೆ. ಮೂರು ಕಾಸೂ ಬರಲ್ಲ. ಈಗ ನನ್ನ ಹೆಗಲು ಹಿಡ್ಕೊಳ್ಳಿ.’

ಅವನು ಅವಳ ಮುಖ ನೋಡಿದ. ಸಾವಿಗೆ ಹೆದರದವನು ಆ ಮಾತಿಗೆ ಹೆದರಿದ ಹಾಗೆ ಕಂಡಿತು. ಮೆಲ್ಲಗೆ ಅವಳ ಹೆಗಲಿಗೆ ಕೈ ಹಾಕಿದ. ಕೆಳಗಿನ ಮಹಡಿಯ ಕಚೇರಿಯವರು ಕುರ್ಚಿ ತಂದು, ಅವನನ್ನು ಅದರ ಮೇಲೆ ಕೂರಿಸಿ, ನಾಲ್ಕು ಜನ ಹೊತ್ತು ಇಳಿಸಿದರು.

ಆಸ್ಪತ್ರೆಯಲ್ಲಿ ಮೂರು ಕಡೆ ರಕ್ತನಾಳ ಕಟ್ಟಿದೆ ಅಂದರು. ಮೂರನೇ ದಿನ ಎದೆ ತೆರೆದು ಆಪರೇಷನ್ ಮಾಡಿದರು. ಖರ್ಚಿನ ದೊಡ್ಡ ಪಾಲು ಲಿಫ್ಟ್ ಕಂಪನಿ ಕೊಟ್ಟಿದ್ದ ಆಸ್ಪತ್ರೆ ಕಾರ್ಡಿನಲ್ಲಿ ಹೋಯಿತು. ಡಾಕ್ಟರು ಟೈಲರಕ್ಕನನ್ನು ಕರೆದು, ‘ಇನ್ನೊಂದು ವಾರ ಬಿಟ್ಟು ಬಂದಿದ್ರೆ ಮಾತಾಡೋಕೆ ನೀವೊಬ್ಬರೇ ಇರ್ತಿದ್ರಿ’ ಅಂದರು. ಅವಳು ಕಾರಿಡಾರಿಗೆ ಬಂದು ಭಾವನಿಗೆ ಫೋನು ಮಾಡಿ ಅರ್ಜಿ ವಾಪಸ್ ತೆಗೆಯಿರಿ ಅಂದಳು. ‘ನನ್ನ ಹೆಸರು ಏನಾಗಬೇಕಮ್ಮ ಅಲ್ಲಿ?’ ಅಂತ ಭಾವ ಗೊಣಗಿದರು. ಆಮೇಲೆ, ‘ಅವನು ಹೆಂಗಿದಾನೆ?’ ಅಂದರು.

ಅವನು ಬದುಕಿದ. ಕಷ್ಟ ಅಲ್ಲಿಗೆ ಮುಗಿಯಲಿಲ್ಲ.

ಮೆಟ್ಟಿಲು ಬೇಡ, ಭಾರ ಎತ್ತುವುದು ಬೇಡ ಅಂತ ಡಾಕ್ಟರು ಬರೆದುಕೊಟ್ಟರು. ಮೆಟ್ಟಿಲು ಹತ್ತದ ಲಿಫ್ಟ್ ಮೆಕ್ಯಾನಿಕ್‌ಗೆ ಕೊಡುವ ಕೆಲಸ ನಮ್ಮಲ್ಲಿಲ್ಲ ಅಂತ ಕಂಪನಿ ಕೈ ತೊಳೆದುಕೊಂಡಿತು. ಇಪ್ಪತ್ತು ವರ್ಷಕ್ಕೆ ಒಂದು ಲಕೋಟೆ, ಒಂದು ಗೋಡೆ ಗಡಿಯಾರ. ಅವನು ಮನೆಯಲ್ಲಿ ಕೂತ. ಎದೆಯ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು, ಹೆಂಡತಿ ಪೆಡಲ್ ತುಳಿಯುವುದನ್ನು ನೋಡುತ್ತಾ ಕೂತ. ‘ಒಳ್ಳೆ ಹೊಲಿಗೆ ಹಾಕಿದಾರೆ ನೋಡು, ನಿನಗಿಂತ ನೇರ ಇದೆ’ ಅಂತ ಒಂದೆರಡು ದಿನ ತಮಾಷೆ ಮಾಡಿದ. ಆಮೇಲೆ ಅದೂ ನಿಂತಿತು.

ಒಂದು ದಿನ ಕಂಪನಿಯಿಂದ ಬಂದ ಕಾಗದಗಳನ್ನು ಜೋಡಿಸುವಾಗ ಟೈಲರಕ್ಕನಿಗೆ ಒಂದು ಸಾಲು ಕಣ್ಣಿಗೆ ಬಿತ್ತು. ನೌಕರರೆಲ್ಲರ ಹೆಸರಲ್ಲೂ ಕಂಪನಿಯೇ, ಭಾವನ ವಿಮೆ ಕಂಪನಿಯಲ್ಲೇ, ಒಂದು ಗುಂಪು ಜೀವ ವಿಮೆ ಮಾಡಿಸಿತ್ತು. ಇಷ್ಟು ವರ್ಷ ಅವನ ತಲೆಯ ಮೇಲೊಂದು ಪಾಲಿಸಿ ಇತ್ತು, ಅವನಿಗೇ ಗೊತ್ತಿರಲಿಲ್ಲ. ಕೆಲಸ ಬಿಟ್ಟ ದಿನಕ್ಕೆ ಅದು ಮುಗಿದಿತ್ತು. ಅವಳು ಕಾಗದ ಹಿಡಿದು ಮತ್ತೆ ಅದೇ ಕೌಂಟರಿಗೆ ಓಡಿದಳು. ಕನ್ನಡಕದ ಮೇಡಂ ಗುರುತು ಹಿಡಿದರು. ‘ಪಕ್ಕದ ಮನೆಯವರು ಹೇಗಿದಾರೆ?’

‘ಮನೆಯಲ್ಲೇ ಇದಾರೆ’ ಅಂದಳು. ಅಷ್ಟರಲ್ಲೇ ಇಬ್ಬರಿಗೂ ಎಲ್ಲ ಅರ್ಥವಾಯಿತು.

ಮೇಡಂ ಕಾಗದ ಓದಿದರು. ‘ಇಂಥ ಗುಂಪು ಪಾಲಿಸಿಗಳಲ್ಲಿ ಕೆಲವದಕ್ಕೆ ಒಂದು ಅವಕಾಶ ಇರುತ್ತೆ. ಕೆಲಸ ಬಿಟ್ಟ ಮೇಲೆ ನಿಮ್ಮ ಸ್ವಂತಕ್ಕೆ ಮುಂದುವರಿಸಬಹುದು, ಆರೋಗ್ಯ ತಪಾಸಣೆ ಇಲ್ಲದೆ. ಇದರಲ್ಲೂ ಇದೆ, ನೋಡಿ ಇಲ್ಲಿ. ಅರ್ಜಿ ಹಾಕೋಕೆ ಮೂವತ್ತು ದಿನ.’ ಬೆರಳು ತಾರೀಖಿನ ಮೇಲೆ ಬಂದು ನಿಂತಿತು. ‘ನಿಮ್ಮೆಜಮಾನರು ಕೆಲಸ ಬಿಟ್ಟಿದ್ದು ಯಾವಾಗ?’

ಕೆಲಸ ಬಿಟ್ಟು ನಲವತ್ತಮೂರು ದಿನ ಆಗಿತ್ತು.

ಟೈಲರಕ್ಕ ನೇರ ಲಿಫ್ಟ್ ಕಂಪನಿಗೆ ಹೋದಳು. ಕೆಲಸ ಬಿಡಿಸಿದ ಪತ್ರ ಕೊಟ್ಟಿದ್ದ ಗುಮಾಸ್ತ ಅಂಥ ನಿಯಮ ಇರುವುದೇ ತನಗೆ ಗೊತ್ತಿಲ್ಲ ಅಂದ. ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ ಅಂದ. ಅವಳು ರಿಸೆಪ್ಷನ್ನಿನ ಸೋಫಾದ ಮೇಲೆ ಕೂತಳು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಕೊನೆಗೆ ಹೊರಬಂದ ಮ್ಯಾನೇಜರ್ ನಿಂತೇ ಕೇಳಿಸಿಕೊಂಡ. ‘ತಾರೀಖು ಮುಗಿದಿದ್ದಕ್ಕೆ ನಾವೇನು ಮಾಡೋಕಾಗುತ್ತಮ್ಮ? ಕಾಗದ ಕೊಟ್ಟಿದ್ವಲ್ಲ, ಓದಿಕೊಳ್ಳಬೇಕಿತ್ತು.’

‘ಅವರು ಎದೆ ಸೀಳಿಸ್ಕೊಂಡು ಮಲಗಿದ್ರು ಸಾರ್. ನಾನು ಮಗ್ಗುಲಲ್ಲಿ ಕೂತಿದ್ದೆ. ನಿಮ್ಮ ಕಾಗದ ಯಾರು ಓದಬೇಕಿತ್ತು?’

ಅವನು ವಾಚು ನೋಡಿಕೊಂಡು ಹೋದ. ಅವಳು ವಿಮೆ ಕಂಪನಿಗೆ ಎರಡು ಪತ್ರ ಬರೆದಳು, ಎರಡಕ್ಕೂ ಒಂದೇ ಉತ್ತರ ಬಂತು: ವಿಷಾದಿಸುತ್ತೇವೆ. ಬೇರೆ ಮೂರು ಕಂಪನಿಗಳಲ್ಲಿ ಈ ಸಲ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದು ಅರ್ಜಿ ಹಾಕಿದರು. ಮೂರೂ ವಾಪಸ್ ಬಂದವು. ಮೂರನೆಯದು ಬಂದ ದಿನ ಲಿಫ್ಟಣ್ಣ, ‘ಅವತ್ತೇ ಮೆಟ್ಟಿಲ ಮೇಲೆ ಹೋಗಿದ್ರೆ ಕಂಪನಿ ಪಾಲಿಸಿ ಆದ್ರೂ ಸಿಗ್ತಿತ್ತು ನಿಮಗೆ’ ಅಂದ. ಪುಟ್ಟಿ ಪಕ್ಕದಲ್ಲೇ ಹೋಂವರ್ಕ್ ಮಾಡುತ್ತಿದ್ದಳು. ಪೆನ್ಸಿಲ್ ಇಟ್ಟು ಎದ್ದು ಒಳಗೆ ಹೋದಳು, ಎರಡು ದಿನ ಅಪ್ಪನ ಹತ್ತಿರ ಮಾತಾಡಲಿಲ್ಲ.

ಅದಾಗಿ ಒಂದು ವಾರಕ್ಕೆ ಟೈಲರಕ್ಕ ಕಚೇರಿಗೆ ಹೋದದ್ದು ಏನನ್ನೂ ಕೇಳಲಿಕ್ಕಲ್ಲ. ಕನ್ನಡಕದ ಮೇಡಂ ತಮ್ಮ ಒಂದು ರವಿಕೆಯ ತೋಳು ಸಣ್ಣ ಮಾಡಿಸಿಕೊಳ್ಳಲು ಕೊಟ್ಟಿದ್ದರು, ಅದನ್ನು ಕೊಡಲಿಕ್ಕೆ. ಊಟದ ಬಿಡುವಿನ ಹೊತ್ತು. ಮೇಡಂ ಅವಳನ್ನು ಒಳಗೆ ಕೂರಿಸಿಕೊಂಡರು. ಬಾಗಿಲು ಒಂದೊಂದಾಗಿ ಹೇಗೆ ಮುಚ್ಚಿಕೊಂಡವು ಅಂತ ಇವಳು ಹೇಳಿದಳು. ಅಳಲಿಲ್ಲ, ಅಳುವಷ್ಟು ತ್ರಾಣವೂ ಇರಲಿಲ್ಲ.

‘ಒಂದು ಕೇಳ್ತೀನಿ’ ಅಂದರು ಮೇಡಂ. ‘ಈಗ ಮನೆ ನಡೀತಿರೋದು ಯಾರ ದುಡಿಮೆಯಿಂದ?’

‘ನನ್ನದೇ. ಸ್ಕೂಲ್ ಯೂನಿಫಾರಂ ಆರ್ಡರ್ ಹಿಡಿದಿದೀನಿ. ಇಬ್ಬರು ಹೆಂಗಸರನ್ನ ಇಟ್ಕೊಂಡಿದೀನಿ.’

‘ನಿಮಗೇನಾದ್ರೂ ಆದ್ರೆ?’

 ಇಷ್ಟು ತಿಂಗಳು ಗಂಡನ ಸಾವನ್ನೇ ಕಾವಲು ಕಾದ ಟೈಲರಕ್ಕನಿಗೆ, ತಾನೂ ಸಾಯಬಹುದು ಅನ್ನುವುದು ಒಂದು ಸಲವೂ ಹೊಳೆದಿರಲಿಲ್ಲ.

‘ಎಲ್ಲರೂ ಗಂಡಸಿನ ಮೇಲೆ ಪಾಲಿಸಿ ಹುಡುಕ್ತಾರೆ’ ಅಂದರು ಮೇಡಂ. ‘ಯಾರ ದುಡಿಮೆ ನಿಂತರೆ ಮನೆ ಬೀಳುತ್ತೋ ಅವರ ಮೇಲೆ ಇರಬೇಕು. ಈಗ ಅದು ನೀವು.’

ಫಾರಂ ತಂದದ್ದು ಭಾವನೇ. ಉಳಿತಾಯ, ಬೋನಸ್ ಅನ್ನುವ ಮಾತನ್ನೇ ಎತ್ತದೆ, ಕಡಿಮೆ ಕಂತಿನದನ್ನೇ ತಂದರು. ಟೈಲರಕ್ಕ ಇದ್ದದ್ದನ್ನೆಲ್ಲ ಬರೆದಳು: ಬೆನ್ನು ನೋವು, ಮೂವತ್ತರಲ್ಲಿ ತೆಗೆಸಿದ ಗಡ್ಡೆ, ತಾಯಿಗೆ ಇದ್ದ ಸಕ್ಕರೆ ಕಾಯಿಲೆ. ‘ಇಷ್ಟೆಲ್ಲ ಬರೀಬೇಕೇನಮ್ಮ?’ ಅಂತ ಭಾವ ಅಂದದ್ದಕ್ಕೆ ಅವಳು ತಿರುಗಿ ನೋಡಿದಳು. ತಪಾಸಣೆಯಲ್ಲಿ ಬಿಪಿ ತುಸು ಹೆಚ್ಚು ಬಂತು. ಇದೂ ತಪ್ಪಿತು ಅಂತ ಅವಳು ಹನ್ನೆರಡು ದಿನ ನಿದ್ದೆಗೆಟ್ಟಳು. ಕೊನೆಗೆ ಕಂತು ಸ್ವಲ್ಪ ಏರಿಸಿ ಒಪ್ಪಿಕೊಂಡರು.

ಕೊನೆಯ ಕಾಗದ ಒಂದು ಉಳಿದಿತ್ತು. ಅವಳು ಸತ್ತರೆ ಹಣ ಯಾರ ಕೈ ಸೇರಬೇಕು ಅನ್ನುವುದು. ಗಂಡನ ಹೆಸರು ಬರೆದು, ಅವನ ಸಹಿಗೆ ಮುಂದೆ ಇಟ್ಟಳು. ಲಿಫ್ಟಣ್ಣ ಪೆನ್ನು ತೆಗೆದುಕೊಂಡ. ಕಾಗದ ಓದಿದ. ‘ವಿಮೆದಾರರ ಮರಣದ ಸಂದರ್ಭದಲ್ಲಿ’ ಅನ್ನುವ ಕಡೆ ಅವನ ಕಣ್ಣು ನಿಂತಿತು. ಪೆನ್ನು ಕೆಳಗಿಟ್ಟ.

‘ನನ್ನ ಕೈಲಾಗಲ್ಲ’ ಅಂದ.

‘ಬರೀ ಸಹಿ ಕಣ್ರೀ.’

‘ಗೊತ್ತು.’  ಆಪರೇಷನ್ನಿಗೆ ಒಯ್ಯುವಾಗಲೂ ಅಳದವನು ಮುಖ ಮುಚ್ಚಿಕೊಂಡ. ಎಷ್ಟೋ ಹೊತ್ತಿನ ಮೇಲೆ, ‘ಅವತ್ತು ನಾನು ಫಾರಂ ಬರೆಸಿದೆನಲ್ಲ, ಆಗ ನಿನಗೂ ಹೀಗೇ ಆಗಿತ್ತಾ?’ ಅಂತ ಕೇಳಿದ.

‘ಆಗಿತ್ತು’ ಅಂದಳು ಅವಳು.

ಅವನು ಸಹಿ ಹಾಕಿದ್ದು ಮಾರನೇ ಬೆಳಗ್ಗೆ. ಹಾಕಿದವನೇ ಎದ್ದು ಬಂದು ಅವಳ ಮಷೀನಿನ ಪಕ್ಕ ಕೂತು, ರಾಶಿ ಬಿದ್ದಿದ್ದ ಯೂನಿಫಾರಂ ಅಂಗಿಗಳನ್ನು ಎಳೆದುಕೊಂಡ. ‘ಈ ಗುಂಡಿ ಹಾಕೋದು ಹೇಗೆ, ತೋರಿಸು’ ಅಂದ. ಅವನ ದಪ್ಪ ಬೆರಳುಗಳಿಗೆ ಸೂಜಿ ಸಿಗುತ್ತಿರಲಿಲ್ಲ. ಮೊದಲನೇ ಗುಂಡಿ ಸೊಟ್ಟ ಬಂತು. ಅವಳು ಅದನ್ನು ಬಿಚ್ಚಿ ಅವನ ಕೈಗೇ ವಾಪಸ್ ಕೊಟ್ಟಳು.